ಏಳು ಮೂಲಾಂಶಗಳಲ್ಲಿ ಚುಕ್ಕಿ ಯಾಕಿಲ್ಲ?

ತುಂಗೆತಡಿ · ಶುಕ್ರವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಮಗಳು ಒಂಬತ್ತನೇ ಕ್ಲಾಸು, ಡ್ರಾಯಿಂಗ್ ಪರೀಕ್ಷೆಗೆ ಕಟ್ಟಿದ್ದಾಳೆ. ಅವಳಿಗೆ ಕೊಟ್ಟಿರುವ ಜೆರಾಕ್ಸ್ ನೋಟ್ಸಿನ ಮೊದಲ ಸಾಲು ಹೀಗಿದೆ: "ದೃಶ್ಯಕಲೆಯ ಮೂಲಾಂಶಗಳು ಏಳು: ರೇಖೆ, ಆಕಾರ, ರೂಪ, ಅವಕಾಶ, ಬಣ್ಣ, ಮೌಲ್ಯ, ವಿನ್ಯಾಸ." ಗಟ್ಟಿಯಾಗಿ ಬಾಯಿಪಾಠ ಮಾಡ್ತಿದ್ದಳು. ಪಕ್ಕದಲ್ಲಿ ಹೂಬತ್ತಿ ಹೊಸೀತಿದ್ದ ನಮ್ಮಮ್ಮ ಕೇಳಿದರು, "ಮೌಲ್ಯ ಅಂದ್ರೆ ಸುಳ್ಳು ಹೇಳಬಾರದು, ಕದೀಬಾರದು ಅಂತಲ್ವೇನೆ? ಅದನ್ನ ಕಾಗದದ ಮೇಲೆ ಹ್ಯಾಗೆ ಬಿಡಿಸ್ತಾರೆ?"

ಮಗಳ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ. ಅಮ್ಮ ಅಷ್ಟಕ್ಕೇ ಬಿಡಲಿಲ್ಲ. "ಅದಿರಲಿ, ಚುಕ್ಕಿ ಎಲ್ಲಿ? ಚುಕ್ಕಿ ಇಡದೆ ಯಾರಾದ್ರೂ ಏನಾದ್ರೂ ಬಿಡಿಸೋಕಾಗುತ್ತಾ?" ಅಂದರು. ಐವತ್ತು ವರ್ಷದಿಂದ ದಿನಾ ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಇಟ್ಟವರು, ಕೇಳುವ ಹಕ್ಕಿದೆ. ತಿಳಿದವರು ಹೇಳಿ: ಚುಕ್ಕಿ ಯಾಕಿಲ್ಲ, ಮೌಲ್ಯ ಅಂದರೇನು, ಆಕಾರಕ್ಕೂ ರೂಪಕ್ಕೂ ಏನು ವ್ಯತ್ಯಾಸ?

ಬಳಪದ ಮೇಷ್ಟ್ರು · ಶುಕ್ರವಾರ ರಾತ್ರಿ 10:15

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಹೇಳಿಕೊಟ್ಟವನು ನಾನು. ಮೊದಲು ನೋಟ್ಸಿನ ತಪ್ಪು ತಿದ್ದೋಣ. 'ಮೌಲ್ಯ' ಅನ್ನುವುದು ಇಂಗ್ಲಿಷಿನ 'ವ್ಯಾಲ್ಯೂ'ಗೆ ನಿಘಂಟು ನೋಡಿ ಹಾಕಿದ ಪದ. ಒಂದು ಬಣ್ಣ ಎಷ್ಟು ತಿಳಿ, ಎಷ್ಟು ಗಾಢ ಅನ್ನುವುದು ಅದರ ಅರ್ಥ. ನಾವು ತರಗತಿಯಲ್ಲಿ 'ಛಾಯೆ' ಅನ್ನುತ್ತಿದ್ದೆವು. 'ವಿನ್ಯಾಸ' ಇನ್ನೂ ದೊಡ್ಡ ತಪ್ಪು. ಅಲ್ಲಿರಬೇಕಾದ್ದು 'ಟೆಕ್ಸ್ಚರ್', ಅಂದರೆ ಮೇಲ್ಮೈ ಒರಟೋ ನುಣುಪೋ ಅನ್ನುವ ಗುಣ. ವಿನ್ಯಾಸ ಅಂದರೆ ಡಿಸೈನ್. ಈ ಏಳನ್ನೂ ಸೇರಿಸಿ ಮಾಡುವ ಅಡುಗೆಗೇ ಆ ಹೆಸರು, ಅದನ್ನು ಸಾಮಾನಿನ ಪಟ್ಟಿಯಲ್ಲಿ ಸೇರಿಸಿದ್ದಾರೆ.

ಆಕಾರ ಚಪ್ಪಟೆ, ರೂಪ ಘನ. ದೋಸೆ ಆಕಾರ, ಇಡ್ಲಿ ರೂಪ. ಮಕ್ಕಳಿಗೆ ಹೀಗೇ ಹೇಳುತ್ತಿದ್ದೆ, ಯಾರೂ ಮರೆಯುತ್ತಿರಲಿಲ್ಲ.

ಇನ್ನು ಚುಕ್ಕಿ. ಏಳೇ ಅಂತ ಯಾವ ಶಾಸನವೂ ಇಲ್ಲ. ಕೆಲವು ಪುಸ್ತಕಗಳು ಚುಕ್ಕಿಯನ್ನು ಎಣಿಸುತ್ತವೆ, ಕೆಲವು ಗೆರೆಯಿಂದ ಶುರುಮಾಡುತ್ತವೆ. ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ ಪಾಠ ಹೇಳುತ್ತಿದ್ದ ಚಿತ್ರಕಾರ ಕ್ಯಾಂಡಿನ್ಸ್ಕಿ 1926ರಲ್ಲಿ ಪ್ರಕಟಿಸಿದ ಪುಸ್ತಕ ಚುಕ್ಕಿಯಿಂದಲೇ ಶುರುವಾಗಿ ಗೆರೆಗೆ, ಆಮೇಲೆ ತಲಕ್ಕೆ, ಅಂದರೆ ಚಪ್ಪಟೆ ಮೇಲ್ಮೈಗೆ, ಹೋಗುತ್ತದೆ. ನಿಮ್ಮ ಅಮ್ಮನೂ ಅವನೂ ಒಂದೇ ಕಡೆ ಇದ್ದಾರೆ ಅಂತ ಹೇಳಿ. ಪರೀಕ್ಷೆಯಲ್ಲಿ ಮಾತ್ರ ಏಳೇ ಬರೆಯಲಿ.

ನಡುರಾತ್ರಿ · ಶುಕ್ರವಾರ ರಾತ್ರಿ 11:52

ಎರಡು ಮಾರ್ಕಿನ ಪ್ರಶ್ನೆಗೆ ಇಷ್ಟೊಂದಾ?

ಸಾಲುಚುಕ್ಕಿ · ಶನಿವಾರ ಬೆಳಿಗ್ಗೆ 6:20

ಅಜ್ಜಿ ಪರ ನನ್ನದೂ ಒಂದು ವೋಟು. ಆದರೆ ರಂಗೋಲಿ ಚುಕ್ಕಿಯಲ್ಲೂ ಎರಡು ಜಾತಿ ಇದೆ, ಅದನ್ನು ಬೇರೆ ಮಾಡಿ ನೋಡಬೇಕು. ಚುಕ್ಕಿಯಿಂದ ಚುಕ್ಕಿಗೆ ಎಳೆ ಸೇರಿಸಿ ಹೂವೋ ನವಿಲೋ ಬಿಡಿಸುವಾಗ ಚುಕ್ಕಿ ಕೊನೆಗೆ ಗೆರೆಯೊಳಗೆ ಕರಗಿಹೋಗುತ್ತೆ. ಮನೆ ಕಟ್ಟುವಾಗಿನ ಸಾರ್ವೆ ಇದ್ದ ಹಾಗೆ, ಕೆಲಸ ಮುಗಿದ ಮೇಲೆ ಇಲ್ಲ. ಆದರೆ ಎಳೆ ಚುಕ್ಕಿಯನ್ನು ಮುಟ್ಟದೆ ಸುತ್ತಿಕೊಂಡು ಹೋಗುವ ರಂಗೋಲಿಯಲ್ಲಿ ಚುಕ್ಕಿ ಉಳಿಯುತ್ತೆ. ಪ್ರತಿ ಮನೆಗೂ ಒಂದೊಂದು ದೀಪ ಇಟ್ಟ ಹಾಗೆ ಕಾಣುತ್ತೆ. ಮೊದಲನೆಯದರಲ್ಲಿ ಚುಕ್ಕಿ ಬರೀ ಅಳತೆ, ಎರಡನೆಯದರಲ್ಲಿ ಚಿತ್ರದ ಭಾಗ.

ಲೆಕ್ಕ ಇಷ್ಟ ಇರೋರಿಗೆ ಇನ್ನೊಂದು. ಒಂದು ಸಾಲಿನ ಎರಡು ಚುಕ್ಕಿಗಳ ನಡುವಿನ ಸಂದಿಗೆ ಮುಂದಿನ ಸಾಲಿನ ಚುಕ್ಕಿ ಇಡೋದು ಸಂದು ಚುಕ್ಕಿ. 13ರಿಂದ 7ರವರೆಗೆ ಸಂದು ಚುಕ್ಕಿ ಅಂದರೆ ನಡುಸಾಲಿಗೆ 13, ಮೇಲೆ ಕೆಳಗೆ 12, 11, 10 ಹೀಗೆ ಇಳಿಸುತ್ತಾ 7ಕ್ಕೆ ನಿಲ್ಲಿಸೋದು. ಒಟ್ಟು 127 ಚುಕ್ಕಿ, ಆರು ಮೂಲೆ. ಅದೇ 7ರಿಂದ 4ರವರೆಗೆ ಆದರೆ 37. ನೇರ ಚುಕ್ಕಿ ಇಟ್ಟರೆ ಚೌಕ ಬರುತ್ತೆ, ಸಂದು ಚುಕ್ಕಿ ಇಟ್ಟರೆ ಆರು ಮೂಲೆ ಬರುತ್ತೆ. ಅಂದರೆ ಗೆರೆ ಎಳೆಯುವ ಮೊದಲೇ ಆಕಾರ ನಿಶ್ಚಯ ಆಗಿಹೋಗಿರುತ್ತೆ! ಧನುರ್ಮಾಸದ ಚಳಿಯಲ್ಲಿ ಐದನೇ ಸಾಲಿನಲ್ಲಿ ಒಂದು ಚುಕ್ಕಿ ತಪ್ಪಿ, ಕೊನೆಯ ಎಸಳು ಕೂಡದೆ ಇಡೀ ರಂಗೋಲಿಗೆ ನೀರು ಹೊಯ್ದವಳ ಮಾತು ಇದು.

ಧಾರವಾಡದಾಕಿ · ಶನಿವಾರ ಬೆಳಿಗ್ಗೆ 8:05

ಅಲ್ರೀ, ಕಸೂತಿಯೊಳಗ ಚುಕ್ಕಿನೂ ಇಲ್ಲ, ಪೆನ್ಸಿಲ್ ಗೆರಿನೂ ಇಲ್ಲ. ಬಟ್ಟಿ ಮ್ಯಾಲ ಏನೂ ಬರಕೊಳ್ಳಂಗಿಲ್ಲ. ನೇಯ್ಗಿ ಎಳಿ ಎಣಿಸಿಕೋತ ಹೋಗೂದು ಅಷ್ಟ. ಕಣ್ಣು ಚೂರು ಆಚೀಚೆ ಆತಂದ್ರ ಗೋಪುರ ವಾಲತೈತಿ.

ನಮ್ಮಲ್ಲಿ ನಾಲ್ಕು ಹೊಲಿಗಿ: ಗವಂತಿ, ಮುರಗಿ, ನೇಯ್ಗಿ, ಮೆಂತ್ಯೆ. ಗವಂತಿ ಹೋಗೂವಾಗ ಒಂದು ಬಿಟ್ಟು ಒಂದು ಹಾಕ್ತೀವಿ, ತಿರುಗಿ ಬರೂವಾಗ ಬಿಟ್ಟ ಜಾಗ ತುಂಬ್ತೀವಿ. ಗಂಟು ಹಾಕಂಗಿಲ್ಲ. ಸೀರಿ ಹಿಂದ ಮುಂದ ಒಂದ ಥರಾ ಕಾಣಬೇಕು. ಮುರಗಿ ಅಂದ್ರ ಮೆಟ್ಟಲಾ ಮೆಟ್ಟಲಾ ಹತ್ತೂದು. ಮೆಂತ್ಯೆ ಅಡ್ಡಡ್ಡ ಕತ್ರಿ ಹೊಲಿಗಿ, ಮೆಂತ್ಯೆ ಕಾಳು ಚೆಲ್ಲಿದಂಗ ಕಾಣತೈತಿ.

ಈಗ ಹೇಳೂದು ಕೇಳ್ರಿ. ಎಳಿ ಎಣಿಸಿ ಹಾಕೂದರಿಂದ ನಮಗ ಅಡ್ಡ, ಉದ್ದ, ಓರೆ, ಮೂರ ದಿಕ್ಕು. ಡೊಂಕು ಗೆರಿ ಬರೂದ ಇಲ್ಲ. ಅಂಬಾರಿ ಆನಿ ಬೆನ್ನು ದುಂಡಗ ಕಾಣತೈತಲ್ಲ, ಹತ್ರ ಹೋಗಿ ನೋಡ್ರಿ, ಎಲ್ಲಾ ಮೆಟ್ಟಲ! ರೇಖೆ ಅಂತ ಒಂದ ಹೆಸರು ಬರದು ಬಿಟ್ರ ಆಗೂದಿಲ್ಲ. ಹಿಟ್ಟಿನ ರೇಖೆ ಬ್ಯಾರೆ, ಸೂಜಿ ರೇಖೆ ಬ್ಯಾರೆ.

ಹಳದಿನೀಲಿ · ಶನಿವಾರ ಬೆಳಿಗ್ಗೆ 9:30

ಮೆಟ್ಟಿಲು ಅಂದದ್ದು ಕೇಳಿ ನಗು ಬಂತು. ಮೊಬೈಲ್ ಆ್ಯಪ್‌ಗಳ ಪರದೆ ಡಿಸೈನ್ ಮಾಡೋದು ನನ್ನ ಕೆಲಸ. ಪರದೆಯ ಮೇಲಿನ ದುಂಡಗಿನ ಐಕಾನ್ ಕೂಡ ದೊಡ್ಡದು ಮಾಡಿ ನೋಡಿದರೆ ಚೌಕಗಳ ಮೆಟ್ಟಿಲೇ. ನಾವು ಪಿಕ್ಸೆಲ್ ಅಂತೀವಿ, ಧಾರವಾಡದಾಕಿ ಎಳೆ ಅಂತಾರೆ.

ನಾನು ಬರೆಯೋಕೆ ಬಂದದ್ದು 'ಮೌಲ್ಯ'ದ ಬಗ್ಗೆ. ನನಗೆ ಕೆಂಪು, ಹಸಿರು ಬೇರೆ ಬೇರೆ ಕಾಣೋದಿಲ್ಲ. ಅಮ್ಮನ ಕಡೆಯಿಂದ ಬಂದದ್ದು, ಸೋದರಮಾವನಿಗೂ ಇದೆ. ಚಿಕ್ಕವನಿದ್ದಾಗ ಹಿತ್ತಲಿಂದ ಹಣ್ಣು ಮೆಣಸಿನಕಾಯಿ ಕಿತ್ತುಕೊಂಡು ಬಾ ಅಂದರೆ ಹಸಿಕಾಯಿಯನ್ನೂ ಸೇರಿಸಿ ತಂದು ಬೈಸಿಕೊಳ್ಳುತ್ತಿದ್ದೆ. ಹಾಗಾಗಿ ನನ್ನ ಕಣ್ಣು ಬಣ್ಣಕ್ಕಿಂತ ಮೊದಲು ತಿಳಿ-ಗಾಢ ನೋಡೋದು ಕಲಿತುಬಿಟ್ಟಿದೆ. ಡಿಸೈನಿನಲ್ಲಿ ಅದೇ ಅನುಕೂಲ ಆಯಿತು. 'ಸರಿ'ಗೆ ಹಸಿರು ಬಟನ್, 'ರದ್ದು'ಗೆ ಕೆಂಪು ಬಟನ್, ಎರಡೂ ಒಂದೇ ಗಾಢ ಇದ್ದರೆ ನನ್ನಂಥವರಿಗೆ ಎರಡೂ ಒಂದೇ. ಟೀಮಿನಲ್ಲಿ ಅದನ್ನು ಮೊದಲು ಹಿಡಿಯೋನು ನಾನು.

ನಿಮ್ಮ ಮಗಳಿಗೆ ಬಾಯಿಪಾಠ ಬೇಡ. ಚಿತ್ರದ ಫೋಟೋ ತೆಗೆದು ಫೋನಿನಲ್ಲಿ ಕಪ್ಪು-ಬಿಳುಪು ಮಾಡಿ ನೋಡಲಿ. ಬಣ್ಣ ಹೋದ ಮೇಲೂ ಉಳಿಯೋದೇ ಛಾಯೆ.

ಬ್ರಷ್ಷು ಬಕೆಟ್ಟು · ಶನಿವಾರ ಮಧ್ಯಾಹ್ನ 1:10

ನಾನು ಹಾಸನದ ಕಡೆ ಬೋರ್ಡು ಬರೆಯೋನು. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಮ್ಮಿ, ಮಾತು ಜಾಸ್ತಿ.

'ಅವಕಾಶ' ಅಂತ ಒಂದು ಐಟಂ ಇದೆಯಲ್ಲ, ಅದರ ಬಗ್ಗೆ ಯಾರೂ ಮಾತೇ ಆಡಿಲ್ಲ. ನಾವು ಜಾಗ ಅಂತೀವಿ. ಕೆಲಸ ಕಲಿಯೋಕೆ ಸೇರಿದ ಎರಡನೇ ವರ್ಷ ನನಗೊಂದು ಅಕ್ಕಿ ಗಿರಣಿ ಬೋರ್ಡು ಕೊಟ್ಟರು. ದಾರಕ್ಕೆ ನೀಲಿ ಪುಡಿ ಹಚ್ಚಿ, ಎರಡು ಕಡೆ ಹಿಡಿದು ಟಪ್ ಅಂತ ಬಿಟ್ಟು ಗೆರೆ ಹಾಕಿಕೊಂಡೆ. ಮಾಲೀಕರಿಗೆ ಅಕ್ಷರ ದೊಡ್ಡದು ಬೇಕಿತ್ತು. ಮೇಲಿಂದ ಕೆಳಗಿನವರೆಗೆ ತುಂಬಿಸಿದೆ. 'ಅಕ್ಕಿ'ಯ ಒತ್ತಿಗೆ ಜಾಗವೇ ಉಳಿದಿಲ್ಲ! ಚಿಕ್ಕದಾಗಿ ತುರುಕಿದೆ. ಬಸ್ಸಿನಲ್ಲಿ ಹೋಗೋರಿಗೆ 'ಅಕಿ ಗಿರಣಿ' ಅಂತ ಕಾಣೋದು. ಗುರುಗಳು ಥಿನ್ನರ್ ಬಟ್ಟೆ ಕೈಗೆ ಕೊಟ್ಟು ಪೂರಾ ಒರೆಸಿಸಿದರು.

ಇಂಗ್ಲಿಷ್ ದೊಡ್ಡಕ್ಷರದ ಬೋರ್ಡಿಗೆ ಮೇಲೊಂದು ಗೆರೆ ಕೆಳಗೊಂದು ಗೆರೆ ಸಾಕು. ಕನ್ನಡಕ್ಕೆ ಗುಡಿಸಿಗೆ ಮೇಲೆ ಜಾಗ, ಒತ್ತಿಗೆ ಕೆಳಗೆ ಜಾಗ ಬಿಡಬೇಕು. ಇನ್ನು 'ಠ', 'ರ', 'ಥ' ಇವುಗಳ ಹೊಟ್ಟೆ. ಬ್ರಷ್ಷು ದಪ್ಪ ಆದರೆ ಹೊಟ್ಟೆ ಮುಚ್ಚಿಹೋಗಿ ದೂರದಿಂದ ಬರೀ ಗುಂಡು ಕಾಣುತ್ತೆ. 'ಥ'ದ ಹೊಟ್ಟೆಯೊಳಗೆ ಚುಕ್ಕಿ ಬೇರೆ ಇಡಬೇಕು. ಅಜ್ಜಿಗೆ ಹೇಳಿ, ಚುಕ್ಕಿ ಇಲ್ಲಾಂದ್ರೆ 'ಥ' ಹೋಗಿ 'ಧ' ಹೋಗಿ ಏನೋ ಆಗುತ್ತೆ ಅಂತ.

ಇನ್ನೊಂದು ವಿಷಯ, ಮೇಷ್ಟ್ರು ಬಿಡಿಸಿ ಹೇಳಲಿ. ಒಂದೇ ಡಬ್ಬಿಯ ಬೂದು ಬಣ್ಣ ಹಳದಿ ಪಕ್ಕ ಹಚ್ಚಿದರೆ ನೇರಳೆ ಹೊಡೆಯುತ್ತೆ. ಗಿರಾಕಿ ಬಂದು ನಾನು ಬೇರೆ ಬಣ್ಣ ಬೆರೆಸಿದ್ದೀನಿ ಅಂತ ಜಗಳಕ್ಕೆ ನಿಂತಿದ್ದ.

ಬಳಪದ ಮೇಷ್ಟ್ರು · ಶನಿವಾರ ಮಧ್ಯಾಹ್ನ 3:45

ಬಕೆಟ್ಟು ಅವರೇ, ನಿಮ್ಮ ಗಿರಾಕಿಯ ಜಗಳ ಇನ್ನೂರು ವರ್ಷ ಹಳೆಯದು. ಪ್ಯಾರಿಸ್ಸಿನ ಗೊಬ್ಲಿನ್ಸ್ ನೇಯ್ಗೆ ಕಾರ್ಖಾನೆಯಲ್ಲಿ ಷೆವ್ರೆಲ್ ಅನ್ನುವ ರಸಾಯನ ವಿಜ್ಞಾನಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ. ಕಪ್ಪು ನೂಲಿಗೆ ಗಾಢತೆ ಸಾಲದು ಅಂತ ದೂರು ಬಂತು. ಪರೀಕ್ಷೆ ಮಾಡಿದರೆ ಬಣ್ಣದಲ್ಲಿ ದೋಷವೇ ಇಲ್ಲ. ಕಪ್ಪಿನ ಪಕ್ಕದಲ್ಲಿ ನೇಯ್ದಿದ್ದ ಬಣ್ಣಗಳು ಅದನ್ನು ಹಾಗೆ ಕಾಣಿಸುತ್ತಿದ್ದವು. ಅಕ್ಕಪಕ್ಕದ ಬಣ್ಣಗಳು ಒಂದರ ಮೇಲೊಂದು ಪ್ರಭಾವ ಬೀರುವ ಬಗೆಯನ್ನು 1839ರಲ್ಲಿ ಅವನು ಪುಸ್ತಕವಾಗಿ ಪ್ರಕಟಿಸಿದ. ಬೂದು ತನ್ನ ನೆರೆಯ ಹಳದಿಗೆ ಎದುರಾದ ನೇರಳೆಯ ಕಡೆ ವಾಲುತ್ತದೆ. ಇದು ಕಣ್ಣಿನ ಗುಣ, ಡಬ್ಬಿಯದಲ್ಲ.

ಇಲ್ಲಿ ಒಂದು ಮಾತು ಸೇರಿಸುತ್ತೇನೆ. ನಮ್ಮ ಕಡೆಯ ಪಟ್ಟಿ ಈ ಏಳರಂತಿಲ್ಲ. ಕಾಮಸೂತ್ರಕ್ಕೆ ಯಶೋಧರ ಬರೆದ ಟೀಕೆಯಲ್ಲಿ ಚಿತ್ರದ ಆರು ಅಂಗಗಳು ಬರುತ್ತವೆ: ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ (ಚೆಲುವು ತುಂಬುವುದು), ಸಾದೃಶ್ಯ (ಹೋಲಿಕೆ), ವರ್ಣಿಕಾಭಂಗ (ಬಣ್ಣ, ಕುಂಚ ಬಳಸುವ ಬಗೆ). ಗೆರೆ, ಚುಕ್ಕಿ ಇಲ್ಲಿ ಹೆಸರಿಗೂ ಇಲ್ಲ. ಇಂಗ್ಲಿಷ್ ಪಟ್ಟಿ ಚಿತ್ರ ಯಾವುದರಿಂದ ಆಗಿದೆ ಅಂತ ಕೇಳುತ್ತದೆ, ಇದು ಚಿತ್ರಕ್ಕೆ ಏನೇನು ಇರಬೇಕು ಅಂತ ಕೇಳುತ್ತದೆ. ಇದರ ಬಗ್ಗೆ ಬರೆದು ಮತ್ತೆ ಚರ್ಚೆಗೆ ತಂದವರು ಬಂಗಾಳದ ಚಿತ್ರಕಾರ ಅವನೀಂದ್ರನಾಥ ಠಾಕೂರರು. ಮೈಸೂರಿನ ಆಸ್ಥಾನ ಚಿತ್ರಕಾರರ ಮನೆತನದ ಕೆ. ವೆಂಕಟಪ್ಪನವರು ಕಲ್ಕತ್ತೆಗೆ ಹೋಗಿ ಕಲಿತದ್ದು ಅವರ ಬಳಿಯಲ್ಲೇ.

ವಿಷ್ಣುಧರ್ಮೋತ್ತರ ಪುರಾಣದಲ್ಲಿ ಚಿತ್ರಕಲೆಯ ಬಗ್ಗೆ ಬರುವ ಚಿತ್ರಸೂತ್ರ ಇನ್ನೂ ಹಳೆಯದು. ಅದರ ಪ್ರಕಾರ ಆಚಾರ್ಯರು ರೇಖೆಯನ್ನು ಮೆಚ್ಚುತ್ತಾರೆ, ಬಲ್ಲವರು ವರ್ತನೆಯನ್ನು ಅಂದರೆ ನೆರಳು-ಬೆಳಕನ್ನು ಮೆಚ್ಚುತ್ತಾರೆ, ಹೆಂಗಸರಿಗೆ ಆಭರಣ ಬೇಕು, ಉಳಿದ ಜನಕ್ಕೆ ಬಣ್ಣ ತುಂಬಿರಬೇಕು. ವರ್ತನೆ ಮೂರು ಬಗೆ: ಪತ್ರಜ, ಐರಿಕ, ಬಿಂದುಜ. ಬಿಂದುಜ ಅಂದರೆ ಚುಕ್ಕಿ ಇಟ್ಟು ಇಟ್ಟು ಛಾಯೆ ತರುವುದು. ಅಜ್ಜಿಯವರ ಚುಕ್ಕಿ ಅಲ್ಲಿದೆ ನೋಡಿ!

ಧಾರವಾಡದಾಕಿ · ಶನಿವಾರ ಸಂಜೆ 4:20

ಸರ, ಸಿಟ್ಟಾಗಬ್ಯಾಡ್ರಿ. "ಹೆಂಗಸರಿಗೆ ಆಭರಣ ಬೇಕು" ಅಂತ ಬರದಾವ ಗಂಡಸು ಅನ್ನೂದು ತಿಳೀತು.

ಒಂದು ಲೆಕ್ಕ ಹಾಕ್ರಿ. ರಂಗೋಲಿ ಯಾರು ಹಾಕ್ತಾರ? ಕಸೂತಿ ಯಾರು ತಗೀತಾರ? ಎಲ್ಲಾ ಹೆಣ್ಮಕ್ಕಳ. ಎಲ್ಲಾ ಬರೇ ಗೆರಿ. ಕರೀ ಚಂದ್ರಕಾಳಿ ಸೀರಿ ಮ್ಯಾಲ ನಾಕು ಬಣ್ಣದ ದಾರ ಬಿಟ್ರ ಮತ್ತೇನೂ ಇಲ್ಲ, ನೆರಳಿಲ್ಲ ಬೆಳಕಿಲ್ಲ. ಹಂಗಾದ್ರ ಅವರ ಲೆಕ್ಕದಾಗ ಆಚಾರ್ಯರು ನಾವಽ.

ಸಾಲುಚುಕ್ಕಿ · ಶನಿವಾರ ಸಂಜೆ 4:31

ಚಪ್ಪಾಳೆ.

ಬಳಪದ ಮೇಷ್ಟ್ರು · ಶನಿವಾರ ಸಂಜೆ 5:02

ಒಪ್ಪಿದೆ ತಾಯಿ. ಮೂವತ್ತೊಂದು ವರ್ಷ ಆ ಶ್ಲೋಕ ಪಾಠ ಮಾಡಿದ್ದೇನೆ, ಒಬ್ಬ ಹುಡುಗಿಯೂ ಹೀಗೆ ಕೇಳಿರಲಿಲ್ಲ. ಕೇಳುವ ಹಾಗೆ ನಾನು ಬಿಟ್ಟಿರಲಿಲ್ಲವೋ ಏನೋ.

ಕೆಮ್ಮಣ್ಣು · ಶನಿವಾರ ರಾತ್ರಿ 8:15

ಹೆಂಗಸರ ರಂಗೋಲಿ, ಕಸೂತಿಯ ಆ ಪಟ್ಟಿಗೆ ನಮ್ಮ ಸಾಗರ-ಸೊರಬದ ಕಡೆಯ ಚಿತ್ತಾರನೂ ಸೇರಿಸಿ. ದೀವರು ಅನ್ನೋ ಸಮುದಾಯದ ಹೆಂಗಸರು ಬರೆಯೋದು. ಮದುವೆಗೆ ಹಸೆ ಗೋಡೆ ಚಿತ್ತಾರ, ಭೂಮಿ ಹುಣ್ಣಿಮೆಗೆ ಬುಟ್ಟಿ ಚಿತ್ತಾರ. ಅಕ್ಕಿ ನೆನೆಸಿ ಅರೆದರೆ ಬಿಳಿ, ಅಕ್ಕಿಯನ್ನೇ ಹುರಿದು ಕರಿಕು ಮಾಡಿದರೆ ಕಪ್ಪು, ಗುರಿಗೆ ಕಾಯಿಂದ ಹಳದಿ. ಕುಂಚ ಪುಂಡಿ ನಾರಿಂದು. ಕೆಂಪು ಮಾತ್ರ ಯಾರೂ ಹಚ್ಚೋದಿಲ್ಲ, ಅದು ಗೋಡೆಯದೇ. ಮೊದಲು ಕೆಮ್ಮಣ್ಣು ಸಾರಿಸಿ ಆಮೇಲೆ ಬರೆಯೋದು.

ಇಲ್ಲಿ ನನಗೊಂದು ಅನುಮಾನ. ಆ ಕೆಂಪು ಬಣ್ಣವೋ, ಜಾಗವೋ? ನಮ್ಮ ಮನೆ ಗೋಡೆಗೆ ಸಿಮೆಂಟ್ ಮಾಡಿಸಿ ಬಿಳಿ ಡಿಸ್ಟೆಂಪರ್ ಹೊಡೆಸಿದ ವರ್ಷ ಅಕ್ಕನ ಮದುವೆ. ಅತ್ತೆ ಬಂದು ಗೋಡೆ ನೋಡಿ, "ಇದರ ಮೇಲೆ ಎಂಥ ಬರೆಯೋದು, ಹಾಲಿನ ಮೇಲೆ ಸುಣ್ಣದಲ್ಲಿ ಬರೆದ ಹಾಗೆ" ಅಂದ್ರು. ಕೊನೆಗೆ ಪ್ಲೈವುಡ್ ಹಲಗೆಗೆ ಕೆಮ್ಮಣ್ಣು ಬಳಿದು ಅದರ ಮೇಲೆ ಬರೆದು ಗೋಡೆಗೆ ಒರಗಿಸಿದ್ದು. ಗೆರೆ ಅಷ್ಟೇ ಚಂದ ಇತ್ತು. ಆದರೆ ಹಾಡು ಹೇಳ್ತಾ ಮೂಲೆಯಿಂದ ಮೂಲೆಗೆ ಗೋಡೆ ತುಂಬಿಸಿದ ಹಾಗೆ ಇರಲಿಲ್ಲ.

ಕಡಲ ಬದಿ · ಭಾನುವಾರ ಬೆಳಿಗ್ಗೆ 7:50

ಟೆಕ್ಸ್ಚರಿಗೆ ಕನ್ನಡ ಪದ ಹುಡುಕುವವರು ಒಮ್ಮೆ ಯಕ್ಷಗಾನದ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಬನ್ನಿ ಮಾರ್ರೆ. ಬಣ್ಣದ ವೇಷಕ್ಕೆ, ಅಂದರೆ ರಾಕ್ಷಸ ಪಾತ್ರಕ್ಕೆ, ಮುಖದಲ್ಲಿ ಚಿಟ್ಟಿ ಇಡುವುದು ಉಂಟು. ಅಕ್ಕಿ ಹಿಟ್ಟು, ಸುಣ್ಣ ಕಲಸಿ ಕಡ್ಡಿಯಿಂದ ಒಂದೊಂದೇ ಚುಕ್ಕಿ ಇಡುವುದು. ಒಣಗಿದ ಮೇಲೆ ಮುಳ್ಳಿನ ಹಾಗೆ ಎದ್ದು ನಿಲ್ಲುತ್ತದೆ. ಅದಕ್ಕೇ ಗಂಟೆಗಟ್ಟಲೆ ಕೂರಬೇಕು. ಇಲ್ಲಿಯೂ ಚುಕ್ಕಿ, ಆದರೆ ಈ ಚುಕ್ಕಿಗೆ ಎತ್ತರ ಉಂಟು.

ಹಿಂದೆ ದೀವಟಿಗೆ ಬೆಳಕಿನಲ್ಲಿ ಆಟ ಆಗುವಾಗ ಬೆಂಕಿ ಅಲುಗಿದ ಹಾಗೆ ಒಂದೊಂದು ಚಿಟ್ಟಿಯ ನೆರಳೂ ಮುಖದ ಮೇಲೆ ಓಡುತ್ತಿತ್ತಂತೆ. ನಮ್ಮ ದೊಡ್ಡಪ್ಪ ಅದನ್ನು ಹೇಳುವಾಗ ಈಗಲೂ ಕೈಯಲ್ಲಿ ಮಾಡಿ ತೋರಿಸುತ್ತಾರೆ. ಈಗ ಎದುರಿನಿಂದ ದೊಡ್ಡ ಲೈಟು ಬಿಟ್ಟರೆ ಎಲ್ಲ ಚಪ್ಪಟೆ, ಬರೀ ಬಿಳಿ ಪಟ್ಟಿ. ಚಿಟ್ಟಿ ಇಟ್ಟದ್ದೂ ಒಂದೇ, ಪೇಂಟ್ ಎಳೆದದ್ದೂ ಒಂದೇ ಎನ್ನುವ ಹಾಗೆ ಆಗುತ್ತದೆ.

ಬಳಪದ ಮೇಷ್ಟ್ರು · ಭಾನುವಾರ ಬೆಳಿಗ್ಗೆ 9:10

ಮೈಸೂರು ಚಿತ್ರಕಲೆಗೂ ಇದೇ ಮಾತು ಸಲ್ಲುತ್ತದೆ. ಮಕ್ಕಿ ಸಫೇದದ ಗೆಸ್ಸೊ, ಅಂದರೆ ಉಬ್ಬು ಕೆಲಸದ ಸರಿ, ಎತ್ತಿ ಅದರ ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ತಂಜಾವೂರಿನವರದು ದಪ್ಪ ಉಬ್ಬು, ದೂರಕ್ಕೇ ಮಿಂಚುತ್ತದೆ. ಮೈಸೂರಿನದು ಬೆರಳಾಡಿಸಿದರೆ ಮಾತ್ರ ಗೊತ್ತಾಗುವಷ್ಟು ತೆಳು. ದೇವರ ಮುಂದೆ ದೀಪ ಹಚ್ಚಿಟ್ಟಾಗ ಅದರ ಸೊಗಸು ನೋಡಬೇಕು, ಟ್ಯೂಬ್‌ಲೈಟಿನಲ್ಲಿ ಅಲ್ಲ.

ಹೊಯ್ಸಳ ಶಿಲ್ಪ ನೋಡಿ. ಬೇಲೂರಿನಲ್ಲಿ 1117ರಲ್ಲಿ ಕೆಲಸ ಮಾಡಿದವರ ಕೈಗೆ ಸಿಕ್ಕದ್ದು ಬಳಪದ ಕಲ್ಲು, ಹೊಸದಾಗಿ ಕಿತ್ತಾಗ ಮೆದು. ಸರದ ಹಿಂದೆ, ಬಳ್ಳಿಯ ಹಿಂದೆ ಉಳಿ ಹೋಗಿ ಟೊಳ್ಳು ಮಾಡಬಹುದು. ಆ ಟೊಳ್ಳಿನಲ್ಲಿ ಕಪ್ಪು ನೆರಳು ಕೂರುತ್ತದೆ, ಅದೇ ಗೆರೆಯಾಗಿ ಕಾಣುತ್ತದೆ. ಹಂಪಿಯ ಗ್ರಾನೈಟು ಅಷ್ಟು ಬಗ್ಗುವುದಿಲ್ಲ, ಅಲ್ಲಿ ದೊಡ್ಡ ರೂಪವೇ ಮಾತಾಡಬೇಕು. ಬೇಲೂರಿನ ಮದನಿಕೆಯ ಮೈಮೇಲೆ ರೇಖೆ ಎಳೆದದ್ದು ಬಿಸಿಲು.

ಬುಗುರಿ · ಭಾನುವಾರ ಬೆಳಿಗ್ಗೆ 10:40

ಆಕಾರ-ರೂಪದ ಪ್ರಶ್ನೆ ದೋಸೆ-ಇಡ್ಲಿಗೇ ನಿಂತುಹೋಯಿತು. ಚನ್ನಪಟ್ಟಣದ ಲೇತ್ ಮುಂದೆ ಹತ್ತು ನಿಮಿಷ ನಿಂತರೆ ಮುಗೀತು. ಆಲೆ ಮರದ ತುಂಡು ಗರಗರ ತಿರುಗ್ತಿರುತ್ತೆ, ಉಳಿ ಹಿಡಿದ ಕೈ ಗಾಳಿಯಲ್ಲಿ ಒಂದು ಡೊಂಕು ಗೆರೆ ಎಳೀತಿದೆ ಅಷ್ಟೆ. ಆ ಗೆರೆ ತಿರುಗಿ ಗೊಂಬೆ ಹೊಟ್ಟೆ ಆಗುತ್ತೆ. ಆಮೇಲೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಕರಗಿ ಬಣ್ಣ ಕೂರುತ್ತೆ. ಚೌಕ ಗೊಂಬೆ ಯಾಕಿಲ್ಲ ಅಂತ ನಮ್ಮ ಮಗ ಕೇಳಿದ್ದ. ತಿರುಗೋ ಮರದಲ್ಲಿ ಚೌಕ ಎಲ್ಲಿಂದ ಬರಬೇಕು!

ತುಂಗೆತಡಿ · ಭಾನುವಾರ ರಾತ್ರಿ 8:30

ಎಲ್ಲರಿಗೂ ಧನ್ಯವಾದ. ಪೂರ್ತಿ ಚರ್ಚೆಯನ್ನು ಅಮ್ಮನಿಗೆ ಓದಿ ಹೇಳಿದೆ. ಧಾರವಾಡದಾಕಿ ಅವರ ಉತ್ತರವನ್ನು ಎರಡು ಸಲ ಓದಿಸಿಕೊಂಡರು.

ಹಳದಿನೀಲಿ ಹೇಳಿದ್ದನ್ನು ಮಗಳು ಇವತ್ತು ಬೆಳಿಗ್ಗೆ ಮಾಡಿ ನೋಡಿದಳು. ಅಮ್ಮ ಬಣ್ಣದ ರಂಗೋಲಿ ಹಾಕ್ತಾ ಇದ್ದರು, ಕೆಂಪು ಹೂವು, ಹಸಿರು ಎಲೆ. ಪುಡಿ ತುಂಬಿದ ತಕ್ಷಣ ಫೋಟೋ ತೆಗೆದು ಕಪ್ಪು-ಬಿಳುಪು ಮಾಡಿದಳು. ಹೂವೂ ಎಲೆಯೂ ಒಂದೇ ಬೂದು! ಎಲ್ಲಿ ಹೂವು ಮುಗೀತು, ಎಲ್ಲಿ ಎಲೆ ಶುರು ಅಂತ ಗೊತ್ತೇ ಆಗ್ಲಿಲ್ಲ. ಅಜ್ಜಿಗೆ ತೋರಿಸಿದಳು.

ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿ, "ಮುಗಿಯೋಕೆ ಮೊದಲೇ ಯಾಕೆ ಫೋಟೋ ತೆಗೆದೆ?" ಅಂದರು. ಆಮೇಲೆ ಬಿಳಿ ಪುಡಿ ತಗೊಂಡು ಪ್ರತಿ ಎಸಳಿನ ಸುತ್ತ, ಎಲೆಯ ಸುತ್ತ ಮತ್ತೊಂದು ಎಳೆ ಎಳೆದರು. "ಬಣ್ಣ ತುಂಬಿದ ಮೇಲೆ ಬಿಳಿ ಎಳೆ ಹಾಕ್ಲೇಬೇಕು, ನಮ್ಮತ್ತೆ ಹೇಳಿಕೊಟ್ಟಿದ್ದು. ಯಾಕೆ ಅಂತ ಅವರೂ ಹೇಳಿರ್ಲಿಲ್ಲ, ನಾನೂ ಕೇಳಿರ್ಲಿಲ್ಲ." ಮತ್ತೆ ಕಪ್ಪು-ಬಿಳುಪು ಫೋಟೋ ತೆಗೆದರೆ ಹೂವು ಹೂವಾಗಿತ್ತು, ಎಲೆ ಎಲೆಯಾಗಿತ್ತು.

ಮಗಳು ನೋಟ್ಸಿನಲ್ಲಿ 'ಮೌಲ್ಯ' ಹೊಡೆದುಹಾಕಿ 'ಛಾಯೆ' ಅಂತ ಬರೆದುಕೊಂಡಿದ್ದಾಳೆ. ಪರೀಕ್ಷೆಯಲ್ಲಿ ಯಾವುದು ಬರೀಬೇಕು ಮೇಷ್ಟ್ರೇ?

ಬಳಪದ ಮೇಷ್ಟ್ರು · ಭಾನುವಾರ ರಾತ್ರಿ 8:52

'ಛಾಯೆ' ಅಂತ ಬರೆದು ಪಕ್ಕದಲ್ಲಿ ಕಂಸ ಹಾಕಿ 'ಮೌಲ್ಯ' ಅಂತಲೂ ಬರೆಯಲಿ. ಪೇಪರ್ ತಿದ್ದುವವರ ಕೈಯಲ್ಲಿ ಯಾವ ನೋಟ್ಸ್ ಇರುತ್ತೋ ಯಾರಿಗೆ ಗೊತ್ತು.

ಸಾಲುಚುಕ್ಕಿ · ಭಾನುವಾರ ರಾತ್ರಿ 9:05

ಎರಡೂ ಫೋಟೋ ಹಾಕಿ ಪ್ಲೀಸ್, ಮೊದಲಿನದು, ಬಿಳಿ ಎಳೆ ಹಾಕಿದ್ದು. ಬಣ್ಣದ ಫೋಟೋನೂ ಬೇಕು.

ತುಂಗೆತಡಿ · ಭಾನುವಾರ ರಾತ್ರಿ 9:20

ಕಪ್ಪು-ಬಿಳುಪಿನವು ಎರಡೂ ಇವೆ, ಮಗಳ ಫೋನಿಂದ ಕಳಿಸ್ತೀನಿ. ಬಣ್ಣದ್ದು ತೆಗೀಬೇಕು ಅನ್ನೋಷ್ಟರಲ್ಲಿ ಹಾಲಿನವರ ಬೈಕು ರಂಗೋಲಿಯ ನಡುವೆಯೇ ಹಾದುಹೋಯಿತು. ನಾಳೆ ಬೆಳಿಗ್ಗೆ 13ರದ್ದು ಹಾಕ್ತಾರಂತೆ, ಆಗ.